16 ಲಕ್ಷದ ಸರ್ವೆಯೇ ಬೇಕಾ? ಮಾರುಕಟ್ಟೆ ಸಮೀಕ್ಷೆಯ ಖರ್ಚು ಇಳಿಸುವ ದಾರಿಗಳು, ಒಂದೊಂದಾಗಿ ತೂಗಿ ನೋಡಿದಾಗ

ಮುಂಬಯಿಯ ಮುಲುಂಡಿನಲ್ಲಿ ಎರಡು ಹೋಟೆಲು ನಡೆಸುವ, ಕುಂದಾಪುರದ ಕಡೆಯ ಪರಿಚಯದವರೊಬ್ಬರು ಒಂದು ಭಾನುವಾರ ಮಧ್ಯಾಹ್ನ ಡೊಂಬಿವಲಿಯ ನಮ್ಮ ಮನೆಗೆ ಬಂದರು. ಕೈಯಲ್ಲಿ ನಾಲ್ಕು ಪುಟದ ಕೋಟೇಷನ್. ನೀರ್ ದೋಸೆಯ ಹಿಟ್ಟನ್ನು ಪ್ಯಾಕೆಟ್ಟಿಗೆ ತುಂಬಿ ಮುಲುಂಡ್, ಠಾಣೆ, ಡೊಂಬಿವಲಿಯ ಅಂಗಡಿಗಳಿಗೆ ಕೊಡುವ ಯೋಚನೆ ಅವರದು. ಎಂಬಿಎ ಓದಿದ ಮಗ ‘ಮಾರ್ಕೆಟ್ ರಿಸರ್ಚ್ ಮಾಡಿಸದೆ ಕೈ ಹಾಕಬೇಡಿ’ ಅಂದಿದ್ದಾನೆ. ಏಜೆನ್ಸಿಯವರು ಬರೆದುಕೊಟ್ಟದ್ದು ಹೀಗೆ: ಮುಂಬಯಿ ಮತ್ತು ಪುಣೆಯಲ್ಲಿ 800 ಮನೆಗಳ ಸಂದರ್ಶನ, ಆರು ಫೋಕಸ್ ಗ್ರೂಪ್ (ಗಿರಾಕಿಗಳನ್ನು ಗುಂಪಾಗಿ ಕೂರಿಸಿ ಮಾತನಾಡಿಸುವುದು), ಕೊನೆಗೊಂದು ರಿಪೋರ್ಟು. 14 ಲಕ್ಷ ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ಒಟ್ಟು 16 ಲಕ್ಷದ 52 ಸಾವಿರ.

“ಈ ದುಡ್ಡಿಗೆ ಒಂದು ಟೆಂಪೊ, ಎರಡು ದೊಡ್ಡ ಗ್ರೈಂಡರ್ ಬಂದು ಮತ್ತೂ ಮಿಗ್ತದೆ ಮಾರಾಯ್ರೆ. ಮಾಡಿಸುವುದಾ, ಬಿಡುವುದಾ, ನೀವೇ ಹೇಳಿ.”

ಇಪ್ಪತ್ತು ವರ್ಷದಿಂದ ನಾನು ಹೊಟ್ಟೆ ಹೊರೆಯುವುದೇ ಈ ಕೆಲಸದಿಂದ. ಮೊದಲು ಏಜೆನ್ಸಿಯ ಫೀಲ್ಡ್ ವಿಭಾಗದಲ್ಲಿ, ಈಗ ಸ್ವಂತವಾಗಿ. ಹಾಗಾಗಿ ನನ್ನ ಮಾತನ್ನೂ ತೂಗಿಯೇ ತೆಗೆದುಕೊಳ್ಳಿ. ಅವರು ಬಂದುಹೋದ ಮೇಲೆ ಇದೇ ಪ್ರಶ್ನೆಯನ್ನು ಇನ್ನಿಬ್ಬರು ಕೇಳಿದರು: ಪುಣೆಯ ಭೋಸರಿಯಲ್ಲಿ ಪೌಡರ್ ಕೋಟಿಂಗ್ (ಲೋಹದ ಭಾಗಗಳಿಗೆ ಪುಡಿಬಣ್ಣ ಹಾಕುವ) ಶೆಡ್ ಇಟ್ಟುಕೊಂಡಿರುವ ಬೆಳಗಾವಿಯ ಒಬ್ಬರು, ಮತ್ತು ದಕ್ಷಿಣ ಗೋವಾದಲ್ಲಿ ಹೋಮ್‌ಸ್ಟೇ ನಡೆಸುವ ಕಾರವಾರದ ದಂಪತಿ. ಮೂವರಿಗೂ ಬೇಕಾದದ್ದು ಒಂದೇ, ಖರ್ಚು ಕಡಿಮೆಯಾಗಬೇಕು. ಆದರೆ ಮೂವರಿಗೂ ಸರಿಹೋಗುವ ದಾರಿ ಬೇರೆ ಬೇರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾವ ಅಳತೆಯಿಂದ ಅಳೆಯಬೇಕು

ದರ ಕೇಳುವುದಕ್ಕೆ ಮುಂಚೆ ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಉತ್ತರ ‘ಹೌದು’ ಎಂದು ಬಂದರೆ ನಾನೇನು ಮಾಡುತ್ತೇನೆ, ‘ಅಲ್ಲ’ ಎಂದು ಬಂದರೆ ಏನು ಮಾಡುತ್ತೇನೆ. ಎರಡೂ ಕಡೆ ಒಂದೇ ಮಾತು ಬಂದರೆ ಆ ಪ್ರಶ್ನೆ ಕೇಳುವುದೇ ದಂಡ. ಹೋಟೆಲಿನವರ ಪ್ರಶ್ನಾವಳಿಯಲ್ಲಿ 62 ಪ್ರಶ್ನೆಗಳಿದ್ದವು. ‘ನೀವು ಟಿವಿಯಲ್ಲಿ ಯಾವ ಧಾರಾವಾಹಿ ನೋಡುತ್ತೀರಿ’ ಅಂತಲೂ ಒಂದಿತ್ತು. “ಟಿವಿಯಲ್ಲಿ ಜಾಹೀರಾತು ಕೊಡ್ತೀರಾ?” ಅಂತ ಕೇಳಿದೆ. ನಕ್ಕರು. ಸಂಜೆ ಕಾಫಿ ಮುಗಿಯುವಷ್ಟರಲ್ಲಿ 62 ಹೋಗಿ 21 ಉಳಿದವು. ಅರ್ಧ ಗಂಟೆಯ ಸಂದರ್ಶನ ಎಂಟು-ಹತ್ತು ನಿಮಿಷಕ್ಕಿಳಿಯಿತು. ಒಂದು ರೂಪಾಯಿ ಚೌಕಾಸಿ ಮಾಡದೆ ಆದ ಉಳಿತಾಯ ಇದು.

ಎರಡನೆಯದು, ತೀರ್ಮಾನ ತಪ್ಪಿದರೆ ಕೈಬಿಡುವ ದುಡ್ಡೆಷ್ಟು. ಮೂರು ಲಕ್ಷದ ಯಂತ್ರ ಕೊಳ್ಳಲು ಐದು ಲಕ್ಷದ ಸಮೀಕ್ಷೆ ಮಾಡಿಸುವವರನ್ನು ನೋಡಿದ್ದೇನೆ. ನಾಲ್ಕು ಕೋಟಿಯ ಕಾರ್ಖಾನೆಯನ್ನು ಭಾವಮೈದುನನ ಮಾತಿನ ಮೇಲೆ ಹಾಕಿದವರನ್ನೂ ನೋಡಿದ್ದೇನೆ.

ಮೂರನೆಯದು, ನಿಮಗೆ ಬೇಕಾದ ಜನ ಎಷ್ಟು ಅಪರೂಪ. ಕಸುಬಿನಲ್ಲಿ ಇದನ್ನು ಇನ್ಸಿಡೆನ್ಸ್ ಅನ್ನುತ್ತಾರೆ. ಖರ್ಚಿನ ಬೇರು ಇರುವುದು ಇಲ್ಲೇ, ಇದಕ್ಕೆ ಮತ್ತೆ ಬರುತ್ತೇನೆ. ನಾಲ್ಕನೆಯದು, ನಿಮಗೆ ಬೇಕಾದದ್ದು ‘ಎಷ್ಟು ಜನ’ ಎಂಬ ಲೆಕ್ಕವೋ, ‘ಯಾಕೆ’ ಎಂಬ ಕಾರಣವೋ. ಕೊನೆಯದು, ರಿಪೋರ್ಟನ್ನು ಓದುವವರು ಯಾರು. ನೀವೊಬ್ಬರೇ ಓದುವುದಾದರೆ ನಿಮ್ಮ ನೋಟ್‌ಬುಕ್ಕೇ ಸಾಕು. ಬ್ಯಾಂಕಿನವರೋ, ದುಡ್ಡು ಹಾಕುವ ಪಾಲುದಾರರೋ ಓದುವುದಾದರೆ ಹೊರಗಿನವರ ಹೆಸರು, ಮೊಹರು ಬೇಕಾಗುತ್ತದೆ.

ದುಡ್ಡು ಸೋರುವ ಜಾಗ

ಮಧ್ಯಾಹ್ನ ಮೂರು ಗಂಟೆ, ಮುಲುಂಡ್ ಪಶ್ಚಿಮದ ಒಂದು ಟವರ್. ಸಂದರ್ಶನ ಮಾಡುವ ಹುಡುಗಿ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಗೇಟಿನ ಹತ್ತಿರ ನಿಂತಿದ್ದಾಳೆ. ವಾಚ್‌ಮನ್ ಇಂಟರ್‌ಕಾಂ ಎತ್ತುತ್ತಾನೆ, ಮೇಲಿನವರು ಬೇಡ ಅನ್ನುತ್ತಾರೆ. ಸೆಕ್ರೆಟರಿಯ ಅನುಮತಿ ಕೇಳಿದರೆ ಅವರು ಆಫೀಸಿನಿಂದ ಬರುವುದು ರಾತ್ರಿ ಎಂಟಕ್ಕೆ. ಪಕ್ಕದ ಹಳೇ ನಾಲ್ಕು ಮಹಡಿಯ ಕಟ್ಟಡದಲ್ಲಿ ಲಿಫ್ಟಿಲ್ಲ, ವಾಚ್‌ಮನ್ನೂ ಇಲ್ಲ. ಅಲ್ಲಿ ಬಾಗಿಲು ತೆರೆಯುತ್ತದೆ, ಸರಪಳಿ ಮಾತ್ರ ಹಾಕಿಯೇ ಇರುತ್ತದೆ. “ನೀವು ವಾರಕ್ಕೊಮ್ಮೆಯಾದರೂ ಪ್ಯಾಕೆಟ್ ಹಿಟ್ಟು ತರುತ್ತೀರಾ?” “ಇಲ್ಲ, ನಾವು ಮನೆಯಲ್ಲೇ ರುಬ್ಬುತ್ತೇವೆ.” ಧನ್ಯವಾದ ಹೇಳಿ ಮುಂದಿನ ಬಾಗಿಲು. ಈ ಹುಡುಗಿ ಸಂಜೆಯ ತನಕ ಮಾಡಿ ಮುಗಿಸಿದ್ದು ಎರಡೇ ಸಂದರ್ಶನ, ಆದರೆ ಆಕೆಗೆ ಕೊಡಬೇಕಾದದ್ದು ಪೂರ್ತಿ ದಿನದ ಕೂಲಿ.

ಲೆಕ್ಕ ಹಾಕಿ. ವಾರಕ್ಕೊಮ್ಮೆ ಹಿಟ್ಟು ಕೊಳ್ಳುವ ಮನೆ ಐದರಲ್ಲಿ ಒಂದು ಅಂದುಕೊಂಡರೆ 200 ಸಂದರ್ಶನಕ್ಕೆ 1,000 ಬಾಗಿಲು ತೆರೆಯಬೇಕು. ಷರತ್ತನ್ನು ‘ಕಳೆದ ಒಂದು ತಿಂಗಳಲ್ಲಿ ಒಮ್ಮೆಯಾದರೂ’ ಎಂದು ಸಡಿಲಿಸಿ, ಅಂಥವರು ಐದರಲ್ಲಿ ಇಬ್ಬರು ಸಿಕ್ಕರೆ 500 ಬಾಗಿಲು ಸಾಕು. ಯಾರನ್ನು ಮಾತನಾಡಿಸಬೇಕು ಎಂಬ ಆ ಒಂದು ಸಾಲನ್ನು ಬದಲಿಸಿದ್ದಕ್ಕೆ ತಿರುಗಾಟ ಅರ್ಧಕ್ಕಿಳಿಯಿತು. ಇಲ್ಲಿ ಬೆಲೆ ತೆರುವುದೂ ಇದೆ: ಅಪರೂಪಕ್ಕೆ ಕೊಳ್ಳುವವರ ಅಭಿಪ್ರಾಯವೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಹೊಸ ಗಿರಾಕಿಯನ್ನು ಹುಡುಕುವವರಿಗೆ ಅದು ಒಳ್ಳೆಯದೇ; ಹಳೇ ಗಿರಾಕಿಯನ್ನು ಉಳಿಸಿಕೊಳ್ಳುವವರಿಗೆ ಅಲ್ಲ.

ಸ್ಯಾಂಪಲ್ಲಿನ ಗಾತ್ರ ಇನ್ನೊಂದು ಸೋರಿಕೆ. 100 ಜನರನ್ನು ಕೇಳಿದರೆ ಉತ್ತರದ ಏರುಪೇರು ಸಾಮಾನ್ಯವಾಗಿ ಹೆಚ್ಚೆಂದರೆ ಸುಮಾರು ಶೇಕಡಾ 10 ಅಂಶ ಆಚೀಚೆ, 400 ಜನರನ್ನು ಕೇಳಿದರೆ ಸುಮಾರು 5, 1,600 ಜನರನ್ನು ಕೇಳಿದರೆ ಸುಮಾರು 2.5. ಖರ್ಚು ನಾಲ್ಕು ಪಟ್ಟಾದರೆ ತಪ್ಪು ಅರ್ಧವಷ್ಟೇ ಆಗುವುದು. ಅದೂ ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಆರಿಸಿದ ಜನರಿಗೆ ಮಾತ್ರ ಅನ್ವಯಿಸುವ ಲೆಕ್ಕ. ಸ್ಟೇಷನ್ನಿನ ಹೊರಗೆ ಸಿಕ್ಕವರನ್ನು ನಿಲ್ಲಿಸಿ ಕೇಳಿದ್ದಕ್ಕೂ ಇದೇ ಸಂಖ್ಯೆ ತೋರಿಸುವ ರಿಪೋರ್ಟು ಬಂದರೆ ಅನುಮಾನಪಡಿ. ‘ನೂರಕ್ಕೆ 30 ಮನೆಗೆ ಬೇಕೋ, 60 ಮನೆಗೆ ಬೇಕೋ’ ಅಂತ ತಿಳಿದರೆ ಸಾಕು ಅನ್ನುವವರಿಗೆ 200 ಧಾರಾಳ. ಮುಂಬಯಿ, ಪುಣೆ ಎರಡನ್ನೂ ಬೇರೆ ಬೇರೆ ನೋಡಬೇಕು ಅಂದರೆ ಊರಿಗೆ 200ರಂತೆ ಬೇಕು. ಹೋಟೆಲಿನವರಿಗೆ ಪುಣೆಗೆ ಹಿಟ್ಟು ಕಳಿಸುವ ಗಾಡಿಯೇ ಇರಲಿಲ್ಲ! ಪುಣೆಯನ್ನು ಹೊಡೆದುಹಾಕಿದೆವು.

ಜಿಎಸ್‌ಟಿಯ ಬಗ್ಗೆ ಒಂದು ಮಾತು. ಬೇರೆ ವ್ಯಾಪಾರದವರು ಈ 18% ಅನ್ನು ಇನ್‌ಪುಟ್ ಕ್ರೆಡಿಟ್ಟಿನಲ್ಲಿ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡು, ಹಿಂದೆ ಪಡೆಯಬಹುದು. 5% ದರದಲ್ಲಿ ತೆರಿಗೆ ಕಟ್ಟುವ ಹೋಟೆಲಿಗೆ ಆ ಕ್ರೆಡಿಟ್ ಇಲ್ಲ. ಕೋಟೇಷನ್ ಹೋಲಿಸುವಾಗ ನಿಮ್ಮ ಪಾಲಿನ ನಿಜವಾದ ಮೊತ್ತ ಯಾವುದೆಂದು ಆಡಿಟರನ್ನು ಕೇಳಿಕೊಳ್ಳಿ.

ಬಿಟ್ಟಿ ಸಿಗುವುದನ್ನು ಮೊದಲು ಮುಗಿಸಿ

ಸರ್ಕಾರದ ಅಂಕಿ-ಅಂಶ ಇಲಾಖೆ ಮನೆಖರ್ಚಿನ ಸಮೀಕ್ಷೆ ನಡೆಸುತ್ತದೆ. 2023-24ರದ್ದರ ಪ್ರಕಾರ ದೇಶದ ಪಟ್ಟಣಗಳಲ್ಲಿ ತಲಾ ತಿಂಗಳ ಖರ್ಚು ಸರಾಸರಿ 6,996 ರೂಪಾಯಿ, ಹಳ್ಳಿಗಳಲ್ಲಿ 4,122. ಆಹಾರದ ಬಾಬುಗಳಲ್ಲಿ ಅತಿ ದೊಡ್ಡದು ಅಕ್ಕಿಯೂ ಅಲ್ಲ, ಹಾಲೂ ಅಲ್ಲ. ಪಾನೀಯ, ತಿಂಡಿ ಮತ್ತು ಸಂಸ್ಕರಿಸಿದ ಆಹಾರ, ಪಟ್ಟಣದ ಒಟ್ಟು ಖರ್ಚಿನಲ್ಲಿ ಸುಮಾರು 11%. ‘ಜನ ತಯಾರಿ ತಿಂಡಿಗೆ ದುಡ್ಡು ಬಿಚ್ಚುತ್ತಾರಾ’ ಎಂಬ ಪ್ರಶ್ನೆಗೆ ಏಜೆನ್ಸಿಗೆ ಲಕ್ಷ ಕೊಡಬೇಕಾಗಿಲ್ಲ, ಉತ್ತರ ಇಲ್ಲೇ ಇದೆ. ರಾಜ್ಯವಾರು ವಿವರವೂ, ಮನೆಮನೆಯ ಕಚ್ಚಾ ದತ್ತಾಂಶವೂ ಇಲಾಖೆಯ ತಾಣದಲ್ಲಿ ಉಚಿತ. ಅದನ್ನು ಬಿಡಿಸಿ ನೋಡಲು ಅರ್ಥಶಾಸ್ತ್ರ ಓದುವ ಒಬ್ಬ ಹುಡುಗ ಸಾಕು.

ಜನಗಣತಿಯೂ ಬಿಟ್ಟಿಯೇ, ಆದರೆ ಹುಷಾರಾಗಿರಬೇಕು. ಕೈಯಲ್ಲಿರುವುದು 2011ರದ್ದು. ಅದರಲ್ಲಿ ‘ಠಾಣೆ ಜಿಲ್ಲೆ’ ಎಂದಿರುವಲ್ಲಿ ಈಗಿನ ಪಾಲ್ಘರ್ ಕೂಡ ಸೇರಿದೆ, ಯಾಕೆಂದರೆ ಪಾಲ್ಘರ್ ಬೇರೆ ಜಿಲ್ಲೆಯಾದದ್ದು 2014ರ ಆಗಸ್ಟಿನಲ್ಲಿ. ಇದನ್ನು ಗಮನಿಸದೆ ಠಾಣೆಯ ಮಾರುಕಟ್ಟೆಯನ್ನು ಹಿಗ್ಗಿಸಿ ಬರೆದ ಪ್ರೆಸೆಂಟೇಷನ್ನುಗಳನ್ನು ನಾನೇ ನೋಡಿದ್ದೇನೆ. ಗೂಗಲ್ ಟ್ರೆಂಡ್ಸ್ ಕೂಡ ಹಾಗೇ: 0ರಿಂದ 100ರ ತನಕ ಅದು ತೋರಿಸುವುದು ಹೋಲಿಕೆಯನ್ನು, ಎಷ್ಟು ಜನ ಹುಡುಕಿದರು ಎಂಬುದನ್ನಲ್ಲ. ಯಾವ ತಿಂಗಳಲ್ಲಿ ಬೇಡಿಕೆ ಏರುತ್ತದೆ ಎಂದು ನೋಡಲು ಅದು ಚೆನ್ನ.

ಬಿಟ್ಟಿ ಮಾಹಿತಿಯ ಮಿತಿ ಏನೆಂದರೆ, ಅದು ನಿಮಗಾಗಿ ಹುಟ್ಟಿದ್ದಲ್ಲ. ಮುಲುಂಡಿನ ಪಿನ್‌ಕೋಡಿನಲ್ಲಿ ಹಿಟ್ಟಿನ ಪ್ಯಾಕೆಟ್ಟಿಗೆ ಎಷ್ಟು ಕೊಡುತ್ತಾರೆ ಎಂದು ಅದು ಹೇಳುವುದಿಲ್ಲ.

ಶೇರ್ ರಿಕ್ಷಾದಂಥ ಸಮೀಕ್ಷೆ

ಡೊಂಬಿವಲಿ ಸ್ಟೇಷನ್ನಿನಿಂದ ಮನೆಗೆ ಹೋಗಲು ಇಡೀ ರಿಕ್ಷಾ ಮಾಡುವುದೂ ಉಂಟು, ಶೇರ್ ರಿಕ್ಷಾದಲ್ಲಿ ಒತ್ತಿಕೊಂಡು ಕೂರುವುದೂ ಉಂಟು. ಓಮ್ನಿಬಸ್ ಸರ್ವೆ ಅನ್ನುವುದು ಶೇರ್ ರಿಕ್ಷಾ. ಏಜೆನ್ಸಿಯೇ ನಿಗದಿತ ಸಮಯಕ್ಕೊಮ್ಮೆ ದೊಡ್ಡ ಸಮೀಕ್ಷೆ ಹೊರಡಿಸುತ್ತದೆ, ಅದರಲ್ಲಿ ಹಲವು ಕಂಪನಿಗಳು ತಮ್ಮ ನಾಲ್ಕೈದು ಪ್ರಶ್ನೆಗಳನ್ನು ಸೇರಿಸುತ್ತವೆ. ಹಣ ಕೊಡುವುದು ಪ್ರಶ್ನೆಗಿಷ್ಟು ಎಂದು. ‘ನೀರ್ ದೋಸೆ ಅಂದರೆ ಏನೆಂದು ಗೊತ್ತೇ’, ‘ಪ್ಯಾಕೆಟ್ ಹಿಟ್ಟು ತಂದಿದ್ದೀರಾ’ ಎಂಬಂಥ ನೇರ ಪ್ರಶ್ನೆಗಳಿಗೆ ಇದಕ್ಕಿಂತ ಅಗ್ಗದ ಗಟ್ಟಿ ದಾರಿ ಇಲ್ಲ. ಆದರೆ ಶೇರ್ ರಿಕ್ಷಾ ನಿಮ್ಮ ಮನೆಬಾಗಿಲಿಗೆ ಬರುವುದಿಲ್ಲ. ಊರು, ವಯಸ್ಸು, ದಿನಾಂಕ ಎಲ್ಲ ಅವರು ಹೇಳಿದ್ದೇ. ಹಿಟ್ಟಿನ ಪ್ಯಾಕೆಟ್ ತೋರಿಸಿ ‘ಇದರ ಬಣ್ಣ ಹೇಗಿದೆ’ ಎಂದು ಕೇಳಲೂ ಆಗುವುದಿಲ್ಲ, ‘ಅಂಗಡಿಗೆ ಬಂದರೆ ಎಷ್ಟು ಕೊಳ್ಳುತ್ತೀರಿ’ ಎಂದು ಕೆದಕಲೂ ಆಗುವುದಿಲ್ಲ.

ಇದರ ಅಣ್ಣನಂಥದ್ದು ಸಿಂಡಿಕೇಟೆಡ್ ರಿಪೋರ್ಟು: ಅಂಗಡಿಗಳ ಮಾರಾಟವನ್ನೋ, ಮನೆಗಳ ಖರೀದಿಯನ್ನೋ ವರ್ಷವಿಡೀ ಅಳೆದು ಹಲವರಿಗೆ ಮಾರುವುದು. ದೊಡ್ಡ ಬ್ರ್ಯಾಂಡುಗಳಿಗೆ ಸರಿ. ಎರಡು ಹೋಟೆಲಿನವರಿಗೆ ಆನೆ ಸಾಕಿದ ಹಾಗೆ. ಒಂದೇ ನಗರ, ಒಂದೇ ವರ್ಗದ ತುಂಡು ಮಾಹಿತಿ ಮಾರುತ್ತೀರಾ ಎಂದು ಕೇಳಿ ನೋಡಬಹುದು, ಕೆಲವರು ಕೊಡುತ್ತಾರೆ.

ಆನ್‌ಲೈನ್: ಅಗ್ಗ, ಬೇಗ, ಆದರೆ ಯಾರು?

ಆನ್‌ಲೈನ್ ಪ್ಯಾನೆಲ್ಲಿನವರು, ಅಂದರೆ ಸಮೀಕ್ಷೆಗೆ ಉತ್ತರಿಸಲು ಹೆಸರು ಕೊಟ್ಟವರ ಪಟ್ಟಿ ಇಟ್ಟುಕೊಂಡವರು, ತುಂಬಿದ ಫಾರ್ಮಿಗಿಷ್ಟು ಎಂದು ದರ ಹೇಳುತ್ತಾರೆ, ಮನೆಮನೆಗೆ ಹೋಗುವುದಕ್ಕಿಂತ ಬಹಳ ಕಡಿಮೆ. ಎರಡು-ಮೂರು ದಿನದಲ್ಲಿ ಉತ್ತರ ಕೈಯಲ್ಲಿ. 25-35ರ, ಕಚೇರಿಗೆ ಹೋಗುವ, ಇಂಗ್ಲಿಷ್ ಓದುವ ಪುಣೆಯ ಹಿಂಜೆವಾಡಿಯವರು ನಿಮ್ಮ ಗಿರಾಕಿಯಾದರೆ ಎರಡನೇ ಯೋಚನೆಯೇ ಬೇಡ. ಡೊಂಬಿವಲಿಯ 55 ವರ್ಷದ ಗೃಹಿಣಿಯಾದರೆ ಪ್ಯಾನೆಲ್ಲಿನಲ್ಲಿ ಆಕೆಯ ಹೆಸರಿನಲ್ಲಿ ಉತ್ತರ ತುಂಬುತ್ತಿರುವುದು ಬಹುಶಃ ಆಕೆಯ ಮಗ. ಎಂಟು ನಿಮಿಷದ ಫಾರ್ಮನ್ನು ಎರಡು ನಿಮಿಷದಲ್ಲಿ ಮುಗಿಸಿದವರನ್ನು, ಎಲ್ಲದಕ್ಕೂ ‘ಪೂರ್ಣ ಒಪ್ಪುತ್ತೇನೆ’ ಎಂದವರನ್ನು ತೆಗೆದುಹಾಕಿ ಬದಲಿ ಕೊಡುವುದು ಏಜೆನ್ಸಿಯ ಖರ್ಚಿನಲ್ಲಿ ಎಂದು ಮೊದಲೇ ಬರೆಸಿಕೊಳ್ಳಿ.

ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗುಂಪುಗಳಿಗೆ ಕಳಿಸುವುದಂತೂ ಪುಕ್ಕಟೆ. ನಮ್ಮವರು ಮೊದಲು ಮಾಡುವುದೂ ಅದನ್ನೇ, ಮೋಸ ಹೋಗುವುದೂ ಅಲ್ಲೇ. ಹೋಟೆಲಿನವರ ಮಗ ಕುರ್ಲಾದ ಬಂಟರ ಸಂಘದಲ್ಲಿ ಯಕ್ಷಗಾನ ನೋಡಲು ಬಂದವರಲ್ಲಿ ನೂರು ಜನರನ್ನು ಕೇಳಿಕೊಂಡು ಬಂದಿದ್ದ. 94 ಮಂದಿ ‘ಖಂಡಿತ ಕೊಳ್ಳುತ್ತೇವೆ’ ಎಂದಿದ್ದರು. ಕರಾವಳಿಯವರ ಸಭೆಯಲ್ಲಿ ನೀರ್ ದೋಸೆ ಬೇಡ ಎಂದ ಆ ಆರು ಮಂದಿ ಯಾರೆಂದು ತಿಳಿಯುವ ಕುತೂಹಲ ನನಗೆ ಈಗಲೂ ಇದೆ. ಹೋಟೆಲಿನವರು ಹಿಟ್ಟು ಮಾರಲು ಹೊರಟ ರಸ್ತೆಗಳಲ್ಲಿ ಇರುವವರು ಹೆಚ್ಚಾಗಿ ಮರಾಠಿ ಮತ್ತು ಗುಜರಾತಿ ಮನೆಯವರು.

ಕೃತಕ ಬುದ್ಧಿಮತ್ತೆಯೇ ಗಿರಾಕಿಯಂತೆ ಉತ್ತರ ಕೊಡುವ ಸೇವೆಗಳೂ ಈಗ ಬಂದಿವೆ. ಪ್ರಶ್ನಾವಳಿ ತಿದ್ದಲು, ಮಾತನ್ನು ಬರಹಕ್ಕಿಳಿಸಲು ಯಂತ್ರವನ್ನು ನಾನೂ ಬಳಸುತ್ತೇನೆ. ಹಿಂದಿ-ಮರಾಠಿ ಬೆರೆತ ಮುಂಬಯಿ ಮಾತಿನಲ್ಲಿ ಅದು ಎಡವುವುದನ್ನು ಕೂತು ಸರಿಮಾಡಿಕೊಳ್ಳುತ್ತೇನೆ. ಆದರೆ ಹಿಟ್ಟು ಕೊಳ್ಳದ ಯಂತ್ರದ ಹತ್ತಿರ ಹಿಟ್ಟಿನ ಬೆಲೆ ಕೇಳುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ವಿದ್ಯಾರ್ಥಿಗಳು

ಮಾಟುಂಗಾದ ವೆಲಿಂಗ್‌ಕರ್, ಚರ್ಚ್‌ಗೇಟಿನ ಜಮನಾಲಾಲ್ ಬಜಾಜ್, ಪುಣೆಯ ಹತ್ತಾರು ಮ್ಯಾನೇಜ್‌ಮೆಂಟ್ ಕಾಲೇಜುಗಳು. ಬೇಸಿಗೆಯಲ್ಲಿ ಅಲ್ಲಿನ ಹುಡುಗರು ಇಂಟರ್ನ್‌ಶಿಪ್ ಹುಡುಕುತ್ತಾರೆ. ಸ್ಟೈಪೆಂಡಿನ ಖರ್ಚಿನಲ್ಲಿ ಎರಡು ತಿಂಗಳ ಕೆಲಸ. ಅಂಗಡಿಗಳನ್ನು ಸುತ್ತಿ ಯಾವ ಬ್ರ್ಯಾಂಡಿನ ಹಿಟ್ಟು ಯಾವ ಬೆಲೆಗೆ, ಫ್ರಿಜ್ಜಿನ ಯಾವ ಅರೆಯಲ್ಲಿದೆ, ತಾರೀಖು ಮುಗಿದದ್ದನ್ನು ವಾಪಸು ತೆಗೆದುಕೊಳ್ಳುತ್ತಾರಾ ಎಂದು ಪಟ್ಟಿ ಮಾಡಲು ಇವರಷ್ಟು ಚುರುಕಿನವರು ಇಲ್ಲ. ಆದರೆ ದಿನಾ ಸಂಜೆ ಅವರ ಜೊತೆ ಕೂರಲು ನಿಮ್ಮ ಕಡೆಯವರೊಬ್ಬರಿಗೆ ಪುರುಸೊತ್ತಿರಬೇಕು. ಅದು ಬಿಲ್ಲಿನಲ್ಲಿ ಕಾಣದ ಖರ್ಚು. ನಿಮ್ಮ ಗುಟ್ಟು ಅವರ ಪ್ರಾಜೆಕ್ಟ್ ವರದಿಯಲ್ಲಿ ಅಚ್ಚಾಗಬಾರದು ಎಂದಿದ್ದರೆ ಅದನ್ನೂ ಮೊದಲೇ ಕಾಗದದಲ್ಲಿ ಮಾಡಿಕೊಳ್ಳಿ.

ಕೆಲಸವನ್ನು ಒಡೆದು ಕೊಡುವುದು

ನನಗೆ ಅತಿ ಹೆಚ್ಚು ಹಿಡಿಸುವ ದಾರಿ ಇದು. ನನ್ನ ಹೊಟ್ಟೆಪಾಡೂ ಇದೇ ಆದ್ದರಿಂದ ಹಾಗನ್ನಿಸಿದರೂ ಅನ್ನಿಸಿರಬಹುದು. ದೊಡ್ಡ ಏಜೆನ್ಸಿಯೂ ಮನೆಮನೆಗೆ ಕಳಿಸುವುದು ಬಹುಪಾಲು ಗುತ್ತಿಗೆಯ ಫೀಲ್ಡ್ ಏಜೆನ್ಸಿಯವರನ್ನೇ. ನೀವು ನೇರವಾಗಿ ಫೀಲ್ಡ್‌ವರ್ಕನ್ನು ಅವರಿಗೆ ಕೊಟ್ಟು, ಪ್ರಶ್ನಾವಳಿಗೂ ವಿಶ್ಲೇಷಣೆಗೂ ಒಬ್ಬ ಅನುಭವಿಯನ್ನು ಇಟ್ಟುಕೊಂಡರೆ ನಡುವಿನ ಪದರದ ಖರ್ಚು ಉಳಿಯುತ್ತದೆ. ಬದಲಿಗೆ ಜವಾಬ್ದಾರಿ ನಿಮ್ಮ ತಲೆಗೆ. ತಪ್ಪಾದರೆ ಫೀಲ್ಡಿನವರು ಪ್ರಶ್ನಾವಳಿಯ ಕಡೆ, ಪ್ರಶ್ನಾವಳಿಯವರು ಫೀಲ್ಡಿನ ಕಡೆ ಬೆರಳು ತೋರಿಸುತ್ತಾರೆ.

ಇಲ್ಲಿ ಕತ್ತರಿ ಹಾಕಬಾರದ ಜಾಗವೊಂದಿದೆ: ಬ್ಯಾಕ್ ಚೆಕ್, ಅಂದರೆ ಸಂದರ್ಶನ ನಿಜಕ್ಕೂ ನಡೆದಿದೆಯೇ ಎಂದು ಉತ್ತರ ಕೊಟ್ಟವರನ್ನೇ ಮತ್ತೆ ಕೇಳಿ ನೋಡುವುದು. ಕಾಗದದ ಫಾರ್ಮಿನ ಕಾಲದಲ್ಲಿ ಪುಣೆಯ ಕೋಥ್ರೂಡಿನ ಒಂದು ಕೆಲಸದಲ್ಲಿ ಕ್ಲೈಂಟ್ ಹಟ ಹಿಡಿದರೆಂದು ನಾವು ಅದನ್ನು ಬಿಟ್ಟಿದ್ದೆವು. ಫಾರ್ಮುಗಳು ಆಫೀಸಿಗೆ ಬಂದಾಗ ಒಂದು ಕಟ್ಟು ಮಾತ್ರ ತೀರಾ ಚೊಕ್ಕಟವಾಗಿತ್ತು. ಒಂದು ಮಡಿಕೆಯಿಲ್ಲ, ಬೆವರಿನ ಕಲೆಯಿಲ್ಲ, ಮೇ ತಿಂಗಳಲ್ಲಿ! ಎಲ್ಲ ವೃತ್ತಗಳೂ ಒಂದೇ ನೀಲಿ ಪೆನ್ನಿನ, ಒಂದೇ ಓರೆಯ ವೃತ್ತಗಳು. ಸಂಶಯ ಬಂದು ಅದರಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಮೂರನೆಯದನ್ನು ಎತ್ತಿದವನು ಟೈಲರ್. ಹಿಂದೆ ಹೊಲಿಗೆ ಯಂತ್ರದ ಸದ್ದು. “ಕಸ್ಲಾ ಸರ್ವೇ, ಬಾಯಿ?” (ಎಂಥ ಸರ್ವೆ, ತಾಯಿ?) ಅಂದ. 40 ಫಾರ್ಮು ಬಿಸಾಕಿ ಮತ್ತೆ ಮಾಡಿಸಿದ ಖರ್ಚು ಬ್ಯಾಕ್ ಚೆಕ್ಕಿನ ಉಳಿತಾಯಕ್ಕಿಂತ ಎಷ್ಟೋ ಹೆಚ್ಚು. ಈಗ ಟ್ಯಾಬ್ಲೆಟ್ಟಿನಲ್ಲಿ ಜಾಗದ ಗುರುತು, ಸಮಯ, ದನಿಯ ತುಣುಕು ಎಲ್ಲ ಬರುತ್ತದೆ. ಕೇಳಿ ಪಡೆಯಿರಿ, ಮತ್ತು ಹತ್ತರಲ್ಲಿ ಎರಡಕ್ಕಾದರೂ ನೀವೇ ಫೋನು ಮಾಡಿ. ಉತ್ತರ ಕೊಟ್ಟವರ ಫೋನ್ ನಂಬರನ್ನು ಅವರ ಒಪ್ಪಿಗೆಯಿಂದ ಮಾತ್ರ, ಹೇಳಿದ ಉದ್ದೇಶಕ್ಕೆ ಮಾತ್ರ ಬಳಸಬೇಕು ಎನ್ನುವ ಕಾನೂನು 2023ರಲ್ಲೇ ಬಂದಿದೆ. ಆ ಒಪ್ಪಿಗೆಯ ಸಾಲು ಪ್ರಶ್ನಾವಳಿಯ ಮೊದಲ ಪರದೆಯಲ್ಲೇ ಇರಲಿ.

ಶುರುವಿಗೆ ಪರೀಕ್ಷೆಗೆಂದು ಮಾಡುವ ಹತ್ತು ಸಂದರ್ಶನದ ಪೈಲಟ್ಟನ್ನೂ ಬಿಡಬೇಡಿ. ತಾರೀಖಿನ ಬಗ್ಗೆಯೂ ಯೋಚಿಸಿ. ಜುಲೈ ಮಳೆಯಲ್ಲಿ, ಗಣಪತಿಯ ಹತ್ತು ದಿನದಲ್ಲಿ, ದೀಪಾವಳಿಯ ವಾರದಲ್ಲಿ ಫೀಲ್ಡ್ ಇಟ್ಟರೆ ದಿನಗೂಲಿ ಹೋಗುತ್ತದೆ, ಫಾರ್ಮು ತುಂಬುವುದಿಲ್ಲ. ಮೇ ತಿಂಗಳಲ್ಲಿ ಅರ್ಧ ಮುಂಬಯಿ ಊರಿಗೆ ಹೋಗಿರುತ್ತದೆ.

ಮನೆಯೊಳಗೆ ಕೂತು ಮಾತನಾಡುವುದು, ಅಂಗಡಿಯಲ್ಲಿ ಮಾರಿ ನೋಡುವುದು

‘ಯಾಕೆ’ ಎಂಬ ಪ್ರಶ್ನೆಗೆ ಆರು ಫೋಕಸ್ ಗ್ರೂಪ್ ಬೇಕೇ? ಒಂದು ಗುಂಪಿಗೆ ಎಂಟು ಜನರನ್ನು ಹುಡುಕಿ ತರುವವರು, ಗಾಜಿನ ಗೋಡೆಯ ಕೋಣೆ, ಮಾಡರೇಟರ್, ಉಡುಗೊರೆ, ಟ್ರಾನ್ಸ್‌ಕ್ರಿಪ್ಟ್, ಅದರ ಇಂಗ್ಲಿಷ್ ಅನುವಾದ, ಎಲ್ಲಕ್ಕೂ ಬಿಲ್ಲು. ನಿಮಗೆ ಮರಾಠಿ, ಹಿಂದಿ ಅರ್ಥವಾಗುತ್ತದೆ ಅಂದರೆ ಅನುವಾದ ಯಾಕೆ? ಮುಂಬಯಿ ಕನ್ನಡಿಗರಿಗೆ ಮೂರು-ನಾಲ್ಕು ಭಾಷೆ ನೀರು ಕುಡಿದಷ್ಟು ಸಲೀಸು. ಆ ಅನುಕೂಲವನ್ನು ದುಡ್ಡಾಗಿ ಎಣಿಸಿಕೊಳ್ಳುವುದನ್ನು ನಾವು ಮರೆಯುತ್ತೇವೆ. ನಾವು ಗುಂಪುಗಳನ್ನು ಪೂರ್ತಿ ಬಿಟ್ಟು, 14 ಮನೆಗಳ ಅಡುಗೆಮನೆಯಲ್ಲಿ ಕೂತು ಮಾತನಾಡಿದೆವು.

ನಾಲ್ಕನೆಯ ಮನೆ ಠಾಣೆಯಲ್ಲಿ, ಸಿಂಧುದುರ್ಗದ ಕಡೆಯ ಕುಟುಂಬ. ಮನೆಯಾಕೆ ಪ್ಯಾಕೆಟ್ ಬಿಡಿಸಿ, ಹಿಟ್ಟನ್ನು ಸೌಟಿನಲ್ಲೆತ್ತಿ ಸುರಿದು ನೋಡಿದಳು. ಕಾವಲಿಯ ಮೇಲೆ ಹುಯ್ದಾಗ ತೂತುತೂತಾಗಿ ಎದ್ದ ದೋಸೆಯನ್ನು ಮಡಚಿ ತಟ್ಟೆಗೆ ಹಾಕಿ, “ಅರೇ, ಹೇ ತರ್ ಘಾವನ್!” ಅಂದಳು. ಕೊಂಕಣ ಪಟ್ಟಿಯ ಮರಾಠಿಯವರು ಅಕ್ಕಿಹಿಟ್ಟಿನಲ್ಲಿ ಮಾಡುವ ತೆಳು ದೋಸೆ ಅದು. ಆಮೇಲೆ ಕೇಳಿದ ಕೊಂಕಣದ ಮನೆಗಳಲ್ಲೆಲ್ಲ ಅದೇ ಮಾತು. ಪ್ಯಾಕೆಟ್ಟಿನ ಮೇಲೆ ‘ನೀರ್ ದೋಸಾ’ ಎಂದು ಮಾತ್ರ ಬರೆದರೆ ಇದು ತಮ್ಮದೇ ತಿಂಡಿ ಎಂದು ಇವರಿಗೆ ಗೊತ್ತೇ ಆಗುತ್ತಿರಲಿಲ್ಲ. 800 ಮನೆಗಳ ಪ್ರಶ್ನಾವಳಿಯಲ್ಲಿ ‘ನೀರ್ ದೋಸೆ ಗೊತ್ತೇ’ ಎಂದು ಕೇಳಿ ‘ಇಲ್ಲ’ ಎಂದು ಗುರುತು ಹಾಕಿಕೊಂಡು ಬಂದಿರುತ್ತಿದ್ದರು.

ಬೆಲೆಗೆ ಬೇರೆ ಉಪಾಯ. ಪೀಟರ್ ವಾನ್ ವೆಸ್ಟೆನ್‌ಡಾರ್ಪ್ ಎಂಬ ಡಚ್ ಅರ್ಥಶಾಸ್ತ್ರಜ್ಞ 1976ರಲ್ಲಿ ಸೂಚಿಸಿದ ನಾಲ್ಕು ಪ್ರಶ್ನೆಗಳಿವೆ: ಯಾವ ಬೆಲೆಗೆ ಇದು ಕೈಗೆಟುಕದಷ್ಟು ದುಬಾರಿ, ಯಾವ ಬೆಲೆಗೆ ಗುಣಮಟ್ಟದ ಮೇಲೆ ಅನುಮಾನ ಬರುವಷ್ಟು ಅಗ್ಗ, ಯಾವುದು ತುಸು ಹೆಚ್ಚಾದರೂ ಕೊಳ್ಳಬಹುದಾದ್ದು, ಯಾವುದು ಕೊಳ್ಳುವವರಿಗೆ ಲಾಭ ಅನ್ನಿಸುವ ಬೆಲೆ. ಸಣ್ಣ ಸಮೀಕ್ಷೆಯಲ್ಲೂ ಇವನ್ನು ಸೇರಿಸಬಹುದು. ಆದರೆ ಬಾಯಲ್ಲಿ ಹೇಳುವ ಬೆಲೆ ಬೇರೆ, ಕಿಸೆಯಿಂದ ತೆಗೆಯುವ ಬೆಲೆ ಬೇರೆ. ಎಂಟು ಅಂಗಡಿಗಳಲ್ಲಿ, ನಾಲ್ಕರಲ್ಲಿ ಒಂದು ಬೆಲೆ, ನಾಲ್ಕರಲ್ಲಿ ಇನ್ನೊಂದು, ಎರಡು ವಾರವಾದ ಮೇಲೆ ಅದಲುಬದಲು. ಮಾರದೆ ಹುಳಿ ಬಂದ ಹಿಟ್ಟಿನ ನಷ್ಟವೇ ಈ ಸಮೀಕ್ಷೆಯ ಶುಲ್ಕ. ಬೇಗ ಕೆಡುವ, ಸಣ್ಣ ಬೆಲೆಯ, ಅಂಗಡಿಯಲ್ಲಿ ಸಿಗುವ ವಸ್ತುವಿಗೆ ಇದನ್ನು ಮೀರಿಸುವ ಸಮೀಕ್ಷೆ ಇಲ್ಲ. ಯಂತ್ರಕ್ಕೆ, ಫ್ಲ್ಯಾಟಿಗೆ, ವಿಮೆಗೆ ಇದು ಬರುವುದಿಲ್ಲ.

ಕೊನೆಗೆ ಹೋಟೆಲಿನವರಿಗೆ ಬಿದ್ದದ್ದು ಇಷ್ಟು: 14 ಮನೆಗಳಿಗೆ ಹುಡುಕಿಕೊಟ್ಟವರ ಹಣ, ಉಡುಗೊರೆ ಸೇರಿ 18,200. ಫೀಲ್ಡ್ ಏಜೆನ್ಸಿಯಿಂದ 220 ಚಿಕ್ಕ ಸಂದರ್ಶನ, ತಲಾ 450ರಂತೆ 99,000, ಜಿಎಸ್‌ಟಿ 17,820. ನನ್ನ ಫೀಸು 75,000. ಅಂಗಡಿಯ ಪರೀಕ್ಷೆಯ ನಷ್ಟ 40,000. ಎಲ್ಲ ಸೇರಿ ಎರಡೂವರೆ ಲಕ್ಷ. ಪ್ಯಾಕೆಟ್ಟಿನ ಮೇಲೆ ಈಗ ಎರಡು ಹೆಸರಿದೆ, ಮರಾಠಿಯಲ್ಲಿ ‘ಘಾವನ್’ ದೊಡ್ಡದಾಗಿ. ದುಬಾರಿ ಬೆಲೆಯಲ್ಲಿ ಮಾರಾಟ ಅಷ್ಟೇನೂ ಇಳಿಯಲಿಲ್ಲ. ಒಂದು ಅಂಗಡಿಯವನು ಮಾತ್ರ ರಾತ್ರಿ ಫ್ರಿಜ್ ಆರಿಸಿಬಿಡುತ್ತಿದ್ದ, ಅವನ ಲೆಕ್ಕವನ್ನು ಕೈಬಿಡಬೇಕಾಯಿತು.

ಉಳಿದಿಬ್ಬರಿಗೆ

ಭೋಸರಿಯವರಿಗೆ ಸಮೀಕ್ಷೆಯೇ ಬೇಡ ಎಂದೆ. ಅವರ ಬಳಿ ಕೋಟಿಂಗ್ ಮಾಡಿಸಬಹುದಾದ ಕಾರ್ಖಾನೆಗಳು ಭೋಸರಿ, ಚಾಕಣ್, ಪಿಂಪ್ರಿ ಎಲ್ಲ ಸೇರಿ ಅವರದೇ ಲೆಕ್ಕದಲ್ಲಿ ನೂರೈವತ್ತು. ಅದರಲ್ಲಿ 25 ಕಡೆಯ ಪರ್ಚೇಸ್ ಮ್ಯಾನೇಜರುಗಳ ಜೊತೆ ಇಪ್ಪತ್ತು ನಿಮಿಷ ಮಾತನಾಡಿದರೆ ಇಡೀ ಮಾರುಕಟ್ಟೆಯ ಆರನೇ ಒಂದು ಭಾಗವನ್ನು ಕೇಳಿದಂತೆ. ಆದರೆ ಅವರೇ ಫೋನು ಮಾಡಿದರೆ ಎದುರಿನವರು ‘ಮಾರಲು ಬಂದ’ ಅಂದುಕೊಂಡು ದರ ಇಳಿಸಿ ಹೇಳುತ್ತಾರೆ. ಹೆಸರು ಹೇಳದ ಮೂರನೆಯವರಿಂದ, ಕಾರ್ಖಾನೆಯ ಭಾಷೆ ಬಲ್ಲ ನಿವೃತ್ತ ಎಂಜಿನಿಯರೊಬ್ಬರಿಂದ ಮಾಡಿಸುವುದು ವಾಸಿ. ಬ್ಯಾಂಕಿನ ಸಾಲಕ್ಕೂ ಇದೇ ರಿಪೋರ್ಟು ಬೇಕು ಎಂದರು. ಹಾಗಾದರೆ ಸಣ್ಣದಾದರೂ ಸರಿ, ನೋಂದಾಯಿತ ಏಜೆನ್ಸಿಯ ಲೆಟರ್‌ಹೆಡ್ ಬೇಕು. ಅಲ್ಲಿ ಅಗ್ಗಕ್ಕೆ ಹೋಗಬೇಡಿ.

ಗೋವಾದ ದಂಪತಿಗೆ ತಿಳಿಯಬೇಕಿದ್ದದ್ದು ಮಳೆಗಾಲದಲ್ಲಿ ಯಾರು ಬರುತ್ತಾರೆ ಎಂದು. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ತಡೆದು ಕೇಳುವ ಯೋಜನೆ ಯಾರೋ ಕೊಟ್ಟಿದ್ದರು. ಗೋವಾದ ಎರಡನೇ ವಿಮಾನ ನಿಲ್ದಾಣವಾದ ಮೋಪಾ 2023ರ ಜನವರಿಯಲ್ಲಿ ಶುರುವಾದ ಮೇಲೆ ಹಳೆಯ ದಾಬೋಲಿಮ್ ಒಂದರಲ್ಲೇ ನಿಂತರೆ ಅರ್ಧ ಚಿತ್ರವಷ್ಟೇ. ಎರಡು ಕಡೆ ನಿಂತರೆ ಖರ್ಚೂ ಎರಡರಷ್ಟು. ಅದಕ್ಕಿಂತ ಅವರ ರಿಜಿಸ್ಟರಿನಲ್ಲೇ ಮೂರು ವರ್ಷದ ಅತಿಥಿಗಳ ಊರು, ತಾರೀಖು, ಬುಕಿಂಗ್ ಬಂದ ದಾರಿ ಇತ್ತು. ತೆಗೆದು ನೋಡಿದರೆ ಜೂನ್‌ನಿಂದ ಸೆಪ್ಟೆಂಬರಿನ ಅತಿಥಿಗಳು ಬಹುತೇಕ ರಸ್ತೆಯಲ್ಲಿ ಕಾರಿನಲ್ಲಿ ಬಂದವರು, ಬೆಳಗಾವಿ, ಹುಬ್ಬಳ್ಳಿ, ಪುಣೆಯವರು. ವಿಮಾನ ನಿಲ್ದಾಣದಲ್ಲಿ ನಿಂತಿದ್ದರೆ ಇವರಲ್ಲಿ ಒಬ್ಬರೂ ಸಿಗುತ್ತಿರಲಿಲ್ಲ.

ನೀವು ಪೂರ್ತಿ ಏಜೆನ್ಸಿಗೇ ಕೊಡುವುದೆಂದು ತೀರ್ಮಾನಿಸಿದ್ದರೆ ಏನು ತಿಳಿಯಬೇಕೆಂಬುದರ ಒಂದೇ ಪುಟದ ಬ್ರೀಫ್ ಬರೆದು ಮೂವರಿಗೆ ಕಳಿಸಿ, ಬಾಬುವಾರು ದರ ಕೇಳಿ. ಮೂರು ಕೋಟೇಷನ್ನಿನಲ್ಲಿ ಒಂದು ಐದು ಲಕ್ಷ, ಇನ್ನೊಂದು ಹನ್ನೊಂದು ಲಕ್ಷ ಬಂದರೆ ಅಗ್ಗದ್ದಕ್ಕೆ ಸಹಿ ಹಾಕುವ ಮೊದಲು ಮೂವರಿಗೂ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿ: “ಇನ್ಸಿಡೆನ್ಸ್ ಎಷ್ಟೆಂದು ಹಿಡಿದಿದ್ದೀರಿ?” ಒಬ್ಬರು ಎರಡು ಮನೆಗೊಂದು ಎಂದೂ, ಇನ್ನೊಬ್ಬರು ಹತ್ತು ಮನೆಗೊಂದು ಎಂದೂ ಹಿಡಿದಿರುತ್ತಾರೆ. ಎರಡು ಮನೆಗೊಂದು ಎಂದವರಿಗೆ ಫೀಲ್ಡಿಗಿಳಿದ ಮೇಲೆ ಜನ ಸಿಗದಿದ್ದರೆ ಆ ಹೆಚ್ಚುವರಿ ಖರ್ಚು ಯಾರದು ಎಂಬುದನ್ನು ಅಡ್ವಾನ್ಸ್ ಕೊಡುವ ಮೊದಲೇ ಇಮೇಲಿನಲ್ಲಿ ಬರೆಸಿಕೊಳ್ಳಿ.